ಕೀಲಿಕೈಗೊಂದು ಕರಡಿಗೆ

ಬಾಗಲಕೋಟೆ ನವನಗರದ ಅಂದಪ್ಪನ ಮನೆಗೆ ಹೋದವರಿಗೆ ಮೊದಲು ಕಾಣುವುದು ಮನೆಯಲ್ಲ, ಹೊದಿಕೆಗಳು. ಟಿವಿಗೆ ಕಸೂತಿಯ ಮುಸುಕು, ರಿಮೋಟಿಗೆ ಪ್ಲಾಸ್ಟಿಕ್ ಅಂಗಿ, ಮಿಕ್ಸರಿಗೆ ಹಳೆಯ ಪರಕಾರದ ಬಟ್ಟೆಯಿಂದ ಹೊಲಿದ ಕುಲಾಯಿ. ಸೋಫಾ ಕೊಂಡಾಗ ಅದರ ಮೇಲಿದ್ದ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಬಿಚ್ಚಿಲ್ಲ. ಬೇಸಿಗೆಯಲ್ಲಿ ಅದರ ಮೇಲೆ ಕುಳಿತ ಬೀಗರು ಏಳುವಾಗ ಪರ್ ಎಂದು ಸದ್ದಾಗಿ, ಪಾಪ, ತಾವೇ ನಾಚಿಕೊಳ್ಳುತ್ತಾರೆ.

"ನನಗ ಒಬ್ಬಾಕಿಗಷ್ಟ ಗವಸು ಹೊಲಿಸಿಲ್ಲ ನೋಡ್ರಿ," ಎಂದು ಹೆಂಡತಿ ಗುರುಲಿಂಗವ್ವ ಬಂದವರ ಮುಂದೆ ಹೇಳುತ್ತಾಳೆ. ಅಂದಪ್ಪ ತನಗೆ ಕೇಳಿಸಲೇ ಇಲ್ಲವೆಂಬಂತೆ ಚಹಾದ ಕಪ್ಪಿನ ಮೇಲೆ ಬಸಿ ಮುಚ್ಚುತ್ತಾನೆ.

ಜಿಪುಣನೆಂದು ತಿಳಿಯಬೇಡಿ. ಹಳೇ ಬಾಗಲಕೋಟೆಗೆ ಅಣೆಕಟ್ಟಿನ ಹಿನ್ನೀರು ಬರುವ ಮುಂಚೆ ಮನೆ ಖಾಲಿ ಮಾಡುವಾಗ ಅವನ ಅವ್ವ ಸಾಮಾನನ್ನೆಲ್ಲ ಸೀರೆ, ಧೋತರಗಳಲ್ಲಿ ಗಂಟು ಕಟ್ಟಿದ್ದಳು. ಕಟ್ಟದೆ ಉಳಿದದ್ದು ತೀರಿಹೋದ ಅಪ್ಪನ ಫೋಟೊ ಒಂದೇ. ಟ್ರ್ಯಾಕ್ಟರಿನ ಮೂಲೆಯಲ್ಲಿ ಮಳೆಗೆ ನೆನೆದು ಅದರ ಮುಖವೆಲ್ಲ ಅಳಿಸಿಹೋಯಿತು. ಅಪ್ಪನದು ಬೇರೆ ಫೋಟೊ ಇರಲಿಲ್ಲ. ಅಂದಿನಿಂದ ಬರಿಮೈಯಲ್ಲಿ ಕುಳಿತ ಯಾವ ವಸ್ತುವನ್ನು ಕಂಡರೂ ಅಂದಪ್ಪನ ಜೀವ ಚುರ್ ಎನ್ನುತ್ತದೆ.

ಸಾಲೆಯ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಅವನು ಒಂದು ಹಳೆಯ ಕಾರು ಕೊಂಡ. ಸೀಟು, ಸ್ಟೇರಿಂಗು, ಗೇರಿನ ಗುಂಡು, ಎಲ್ಲಕ್ಕೂ ಬಟ್ಟೆಬರೆಯಾಯಿತು. ಕೀಲಿಕೈ ಮಾತ್ರ ಹಾಗೇ ಉಳಿದಿತ್ತು. ಒಂದು ಮುಂಜಾನೆ ಪೂಜೆ ಮುಗಿಸಿ ಕೊರಳಿನ ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಮುಚ್ಚುವಾಗ ಅವನ ಕಣ್ಣು ಮೊಳೆಗೆ ತೂಗುಬಿದ್ದ ಕೀಲಿಯ ಮೇಲೆ ಬಿತ್ತು. ಅಷ್ಟೇ. ಅಮೀನಗಡದ ಅಕ್ಕಸಾಲಿ ಪತ್ತಾರನಿಗೆ ಕೀಲಿಯ ಅಳತೆ ಹೋಯಿತು. ಗುರುಲಿಂಗವ್ವನಿಗೆ ಸುದ್ದಿ ಹೋಗಲಿಲ್ಲ.

ಹುನಗುಂದಕ್ಕೆ ಕೊಟ್ಟ ಮಗಳು ಶಿವಗಂಗಾಳ ಕುಬಸ ಬಂತು. ಚೊಚ್ಚಲ ಬಸಿರು. ತವರಿನ ಹಸಿರು ಇಳಕಲ್ ಸೀರೆ ಉಟ್ಟ ಮೇಲೆಯೇ ಅವಳು ಆರತಿಗೆ ಕೂರಬೇಕು, ಆರತಿಯಾದ ಮೇಲೆಯೇ ಉಣ್ಣಬೇಕು. ಆ ಸೀರೆ ಈಗ ಅಂದಪ್ಪನ ಕಾರಿನಲ್ಲಿ, ಮೂರು ಪದರ ಪ್ಲಾಸ್ಟಿಕ್ಕಿನೊಳಗೆ, ಗುರುಲಿಂಗವ್ವನ ತೊಡೆಯ ಮೇಲಿತ್ತು.

ಅಮೀನಗಡದಲ್ಲಿ ಅಂದಪ್ಪ ಕಾರು ನಿಲ್ಲಿಸಿದ. "ಬೀಗರಿಗೆ ಕರದಂಟು ತರ್ತೇನಿ," ಎಂದು ಇಳಿದವನು ಮೊದಲು ಹೋದದ್ದು ಪತ್ತಾರನಲ್ಲಿಗೆ. ಕೀಲಿಯ ತಲೆಯನ್ನು ಬೆಳ್ಳಿಯ ಎರಡು ಚಿಪ್ಪುಗಳ ನಡುವೆ ಕೂರಿಸಿ, ಪತ್ತಾರ ಅರಗು ಹಾಕಿ ಒತ್ತಿಬಿಟ್ಟ. ಚಿಪ್ಪಿನ ಮೇಲೆ ಪುಟ್ಟ ನಂದಿ. ಅಂದಪ್ಪ ಅದನ್ನು ಧೋತರದ ತುದಿಯಿಂದ ಒರೆಸಿ, ಕರದಂಟು ಕೊಂಡು, ಮದುಮಗನಂತೆ ನಡೆದು ಬಂದ.

ಕೀಲಿ ತಿರುವಿದ. ಇಂಜಿನ್ನು ಗುರ್ ಎಂದು ಸತ್ತಿತು. ಮತ್ತೆ ತಿರುವಿದ. ಮತ್ತೆ ಸತ್ತಿತು. ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಆಕಾರದ ಕೆಂಪು ದೀಪ ಕಣ್ಣು ಹೊಡೆಯತೊಡಗಿತು.

ಎದುರಿನ ಗ್ಯಾರೇಜಿನ ನವೀದ ಬಂದು ಬ್ಯಾಟರಿ ನೋಡಿದ, ವೈರು ಜಗ್ಗಿದ, ಒಮ್ಮೆ ತಲೆ ಕೆರೆದುಕೊಂಡ. ಅಷ್ಟರಲ್ಲಿ ಹುನಗುಂದದ ಬಸ್ಸೊಂದು ಧೂಳೆಬ್ಬಿಸಿ ಹೋಯಿತು.

"ಇಂಜಿನ್ ಚಲೋ ಐತ್ರಿ ಕಾಕಾ. ಕೀಲಿಯೊಳಗ ಒಂದ ಚಿಪ್ ಇರ್ತೈತಿ, ಅದರ ಗುರ್ತ ಸಿಕ್ಕರಷ್ಟ ಗಾಡಿ ಚಾಲೂ ಆಗ್ತೈತಿ. ಈಗ ಅದು ನಿಮ್ಮನ್ನ ಕಳ್ಳ ಅಂತ ತಿಳದೈತಿ. ಕೀಲಿ ಕೊಡ್ರಿ, ನೋಡೂಣು."

ಅಂದಪ್ಪ ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದ. "ಕೀಲಿಗೇನಾಗೇತಿ? ಮುಂಜಾನಿ ಇದ ಕೀಲಿಲೇ ಬಂದೇನಿ."

"ಎರಡನೇ ಕೀಲಿ ಐತೇನ್ರಿ?"

"ಐತಿ," ಎಂದಳು ಗುರುಲಿಂಗವ್ವ, "ಬಟ್ಟಿ ಚೀಲದಾಗ ಸುತ್ತಿ, ಡಬ್ಬ್ಯಾಗಿಟ್ಟು, ಡಬ್ಬಿ ಟ್ರಂಕಿನ್ಯಾಗಿಟ್ಟು, ಟ್ರಂಕಿಗೊಂದು ಚಾದರ ಹೊಚ್ಚ್ಯಾರ. ಬಾಗಲಕೋಟ್ಯಾಗ ಐತಿ."

ನವೀದ ಕೈಯೊಡ್ಡಿಯೇ ನಿಂತಿದ್ದ. ಅಂದಪ್ಪ ಆಕಾಶ ನೋಡಿದ. ಈಗ ತೋರಿಸಿದರೆ ಉಳಿದ ಆಯುಷ್ಯವಿಡೀ ಈ ಹೆಂಗಸಿನ ಬಾಯಿಗೆ ತಾನೇ ಕರದಂಟು ಎಂದು ಅವನಿಗೆ ಗೊತ್ತಿತ್ತು. ಆಗಲೇ ಫೋನು ಬಂತು.

"ಅಪ್ಪಾ, ಎಲ್ಲಿದ್ದೀರಿ?" ಶಿವಗಂಗಾಳ ದನಿ ಸೋತಿತ್ತು. "ಎಲ್ಲಾರೂ ಕುಂತಾರ. ನಿನ್ನ ತವರವರು ಸೀರಿ ನೇಯಾಕ ಹೋಗ್ಯಾರೇನು ಅಂತ ಅತ್ತಿ ನಗಾಕತ್ತಾರ. ನನಗ ಹಸಿವಿಗೆ ಕಣ್ಣ ಕತ್ತಲಿ ಬರಾಕತ್ತೈತಿ."

ಅಂದಪ್ಪ ಫೋನು ಕಿಸೆಗಿಟ್ಟ. ಮುಷ್ಟಿ ತಾನಾಗಿ ಬಿಚ್ಚಿತು. ಬಿಸಿಲಿಗೆ ನಂದಿ ಫಳಫಳ ಹೊಳೆದ.

ನವೀದ ನೋಡಿದ. ಗುರುಲಿಂಗವ್ವ ನೋಡಿದಳು. "ಸುತ್ತ ಬೆಳ್ಳಿ ಗ್ವಾಡಿ ಕಟ್ಟಿದ್ರ ಒಳಗಿನ ಚಿಪ್ ಹೆಂಗ ಕೂಗಬೇಕ್ರಿ ಕಾಕಾ?" ಎಂದು ನವೀದ ಬಾಯಿಗೆ ಕೈ ಅಡ್ಡ ಹಿಡಿದ. ಗುರುಲಿಂಗವ್ವ ಅಡ್ಡ ಹಿಡಿಯಲಿಲ್ಲ. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ತಾ ಇಲ್ಲೆ ಇಕ್ಕಳ," ಎಂದ ಅಂದಪ್ಪ. ಬೇರೆಯವರ ಕೈಯಲ್ಲಿ ಒಡೆಸಲು ಮನಸ್ಸು ಬರಲಿಲ್ಲ. ತಾನೇ ನಂದಿಯ ಬೆನ್ನಿಗೆ ಇಕ್ಕಳ ಹಾಕಿ ಅದುಮಿದ. ಅರಗು ಟಪ್ಪೆಂದು ಸೀಳಿ ಬೆಳ್ಳಿಯ ಚಿಪ್ಪು ಎರಡಾಗಿ ಬಿತ್ತು. ಬೋಳು ಕೀಲಿ ತಿರುವಿದೊಡನೆ ಕಾರು ಏನೂ ಆಗಿಯೇ ಇಲ್ಲವೆಂಬಂತೆ ಗುನುಗತೊಡಗಿತು.

ಹುನಗುಂದದಲ್ಲಿ ಕಾರಿನಿಂದ ಇಳಿಯುವ ಮೊದಲೇ ಅಂದಪ್ಪ ಸೀರೆಯ ಮೂರೂ ಪ್ಲಾಸ್ಟಿಕ್ಕುಗಳನ್ನು ಹಲ್ಲಿನಿಂದ ಕಚ್ಚಿ ಹರಿದ. ಗುರುಲಿಂಗವ್ವ ಸೀರೆ ಎತ್ತಿಕೊಂಡು ಒಳಗೆ ಓಡಿದಳು. ಆರತಿಯಾಯಿತು, ಶಿವಗಂಗಾ ಹೊಟ್ಟೆ ತುಂಬ ಉಂಡಳು. ನಡುನಡುವೆ ಗುರುಲಿಂಗವ್ವ ಕರಡಿಗೆಯ ಕಥೆಯನ್ನು ಬೀಗಿತ್ತಿಯರಿಗೆ ಹೇಳಿದಳು, ಒಬ್ಬರು ಬಂದರೆ ಮತ್ತೆ ಮೊದಲಿನಿಂದ ಹೇಳಿದಳು. ಅಂದಪ್ಪ ತಲೆ ತಗ್ಗಿಸಿ ಹೋಳಿಗೆ ತಿಂದ.

ಹೊರಡುವಾಗ ಶಿವಗಂಗಾ ಕಾರಿನ ತನಕ ಬಂದಳು. ಬಯಲ ಗಾಳಿ ಬೀಸುತ್ತಿತ್ತು. ಅಂದಪ್ಪ ಬೋಳು ಕೀಲಿ ಹಿಡಿದು ಸೀಟಿನಲ್ಲಿ ಕುಳಿತವನು ಮತ್ತೆ ಇಳಿದು ಬಂದ. ಜಾರಿದ್ದ ಹಸಿರು ಸೆರಗನ್ನು ಎಳೆದು ಮಗಳ ಹೊಟ್ಟೆಯ ಮೇಲೆ ಹೊದಿಸಿ, ತುದಿಯನ್ನು ಅವಳ ಸೊಂಟಕ್ಕೆ ಸಿಕ್ಕಿಸಿದ.

"ಗಾಳಿ ಐತವಾ," ಎಂದ.

ಇಡೀ ದಿನ ನಕ್ಕಿದ್ದ ಗುರುಲಿಂಗವ್ವ, ಈಗ ಕಾರಿನೊಳಗೆ ಕುಳಿತು, ಕಿಟಕಿಯಾಚೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.