ಬೂದು ವಿಡಿಯೋ ಮತ್ತು ಗರಡಿಯ ಕೆಂಪು ಮಣ್ಣು

ನಾನು ತೆಗೆದ ವಿಡಿಯೋವನ್ನು ನಮ್ಮ ಮನೆಯಲ್ಲಿ ಮೊದಲ ದಿನ ಯಾರೂ ನೋಡುವುದಿಲ್ಲ. ಯಾರೂ ಎಂದರೆ ಮುಖ್ಯವಾಗಿ ನನ್ನ ಹೆಂಡತಿ. ಉಳಿದವರ ಅಭಿಪ್ರಾಯ ಅವಳ ಅಭಿಪ್ರಾಯದ ಹಿಂದೆಯೇ ನಡೆದು ಬರುತ್ತದೆ. ಹೊಸ ಮಿರರ್‌ಲೆಸ್ ಕ್ಯಾಮೆರಾ ಕೊಂಡ ವಾರ, ದಾಂಡೇಲಿಯ ಹೊಳೆದಂಡೆಯಲ್ಲಿ ಅರ್ಧ ದಿನ ಸೊಳ್ಳೆ ಕಡಿಸಿಕೊಂಡು, ಒಂದು ಮಂಗಟ್ಟೆ ಹಕ್ಕಿಯನ್ನು ಸೆರೆಹಿಡಿದು ತಂದಿದ್ದೆ. ಗೆದ್ದು ಬಂದವನ ಗತ್ತಿನಲ್ಲಿ ಹೆಂಡತಿಯನ್ನು ಕರೆದೆ. ಅವಳು ಒಲೆ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು ಬಂದು, ಪರದೆಯನ್ನು ಒಂದು ನಿಮಿಷ ದಿಟ್ಟಿಸಿದಳು.

"ಪಾಪ, ಈ ಹಕ್ಕಿಗೆ ಜಡ್ಡಾಗೇತೇನ್ರಿ?" ಎಂದಳು.

ಹಕ್ಕಿಗೆ ಏನೂ ಆಗಿರಲಿಲ್ಲ. ನಾನು ಅದನ್ನು 'ಲಾಗ್' ಎಂಬ ವಿಧಾನದಲ್ಲಿ ಚಿತ್ರೀಕರಿಸಿದ್ದೆ, ಅಷ್ಟೆ. ಹೀಗೆ ತೆಗೆದ ವಿಡಿಯೋ ನೋಡಲು ಬೂದು ಬೂದಾಗಿ, ರಕ್ತ ಬತ್ತಿದಂತೆ ಇರುತ್ತದೆ. ಹಳದಿ ಕೊಕ್ಕು ಹಳೆಯ ಸುಣ್ಣದ ಗೋಡೆಯಾಗುತ್ತದೆ, ಹಸಿರು ಕಾಡು ಧೂಳು ಹಿಡಿದ ಪರದೆಯಾಗುತ್ತದೆ. ಆದರೆ ಆ ಬೂದಿನೊಳಗೆ ಬೆಳಕೂ ನೆರಳೂ ಒಂದು ಚೂರೂ ಕಳೆದುಹೋಗದೆ ಕೂತಿರುತ್ತವೆ. ಜೋಯಿಡಾ ಕಡೆಯ ಕಾಡಿನಲ್ಲಿ ಕ್ಯಾಮೆರಾ ಹಿಡಿದು ನಿಂತರೆ ಇದರ ಬೆಲೆ ತಿಳಿಯುತ್ತದೆ. ಮರದ ಬುಡದಲ್ಲಿ ಸಂಜೆಯಂಥ ಕತ್ತಲು, ಎಲೆಗಳ ಸಂದಿಯಲ್ಲಿ ಕಣ್ಣು ಕುಕ್ಕುವ ಆಕಾಶ. ಸಾಮಾನ್ಯ ವಿಧಾನದಲ್ಲಿ ತೆಗೆದರೆ ಎರಡರಲ್ಲಿ ಒಂದನ್ನು ಬಿಟ್ಟುಕೊಡಬೇಕು. ಲಾಗ್‌ನಲ್ಲಿ ಎರಡೂ ಉಳಿಯುತ್ತವೆ. ಆಮೇಲೆ ಮನೆಗೆ ಬಂದು, ಕಂಪ್ಯೂಟರಿನ ಮುಂದೆ ಕೂತು, ಬಣ್ಣವನ್ನು ಹದ ಮಾಡಬೇಕು. ಹೆಂಡತಿಗೆ ಅರ್ಥವಾಗುವ ಹಾಗೆ ನಾನು ಹೇಳಿದ್ದು ಇಷ್ಟು: ಇದು ಒಣಗಿಸಿಟ್ಟ ಸಂಡಿಗೆ, ಎಣ್ಣೆಗೆ ಬಿದ್ದ ಮೇಲೆ ನೋಡು. ಅವಳು ಹಾಗಾದರೆ ಕರಿದ ಮೇಲೆಯೇ ಕರೆಯಿರಿ ಎಂದು ಒಳಗೆ ಹೋದಳು. ಅಂದಿನಿಂದ ಮೊದಲ ದಿನದ ಪ್ರದರ್ಶನ ನಮ್ಮ ಮನೆಯಲ್ಲಿ ರದ್ದಾಗಿದೆ.

ನಾನು ವೃತ್ತಿಯಿಂದ ಚಿತ್ರಕಲೆಯ ಮಾಸ್ತರ. ಎಲೆಯನ್ನು ಬರೀ ಹಸಿರು ಎಂದು ಬಳಿಯಬೇಡಿ, ಅದರೊಳಗೆ ಹಳದಿ ಇದೆ, ನೀಲಿ ಇದೆ, ಕಣ್ಣು ಬಿಟ್ಟು ನೋಡಿ ಎಂದು ಮಕ್ಕಳಿಗೆ ಹೇಳುತ್ತಲೇ ಕೂದಲು ಹಣ್ಣಾದವು. ಅಂಥವನ ಕೈಗೆ ಬಣ್ಣ ತಿದ್ದುವ ಯಂತ್ರ ಸಿಕ್ಕರೆ ಏನಾಗಬಾರದೋ ಅದೇ ಆಯಿತು. ದಾಂಡೇಲಿಯ ಅಂಬೇವಾಡಿಯಲ್ಲಿರುವ ನಮ್ಮ ಮನೆಯ ಮೂಲೆಕೋಣೆಯ ಕಿಟಕಿಗೆ ಹಳೆಯ ಕಂಬಳಿ ಇಳಿಬಿಟ್ಟು, ಕತ್ತಲು ಮಾಡಿಕೊಂಡು ಗಂಟೆಗಟ್ಟಲೆ ಕೂರತೊಡಗಿದೆ. ಪರದೆಯ ಮೇಲೆ ಬೆಳಕಿಗೊಂದು ಗುಂಡಿ, ನೆರಳಿಗೊಂದು ಗುಂಡಿ, ಒಂದೊಂದು ಬಣ್ಣಕ್ಕೂ ಒಂದೊಂದು ಚಕ್ರ. ಯಾರಾದರೂ ಮನೆಗೆ ಬಂದು ಮಾಸ್ತರು ಎಲ್ಲಿ ಎಂದರೆ "ಒಳಗ ಬಣ್ಣಾ ಹಾಕ್ಲಿಕ್ಕೆ ಕೂತಾರ" ಎಂದು ಹೆಂಡತಿ ಹೇಳುತ್ತಿದ್ದಳು. ಬಂದವರು ಮನೆಗೆ ಸುಣ್ಣಬಣ್ಣ ನಡೆದಿದೆ ಎಂದುಕೊಂಡು ಚಪ್ಪಲಿ ಜೋಪಾನವಾಗಿ ಇಡುತ್ತಿದ್ದರು.

ಕಲಿಯುವ ಹುಮ್ಮಸ್ಸಿನಲ್ಲಿ ತಪ್ಪುಗಳೂ ಆದವು. ಹೆಂಡತಿಯ ತಂಗಿಯ ಮಗಳ ಮದುವೆ ಮಳಗಿ ಎಂಬ ಊರಿನಲ್ಲಿ ನಡೆಯಿತು. ಆ ವಿಡಿಯೋಗೆ ನಾನು ಅಂತರ್ಜಾಲದಿಂದ ಇಳಿಸಿಕೊಂಡ ಒಂದು ಸಿದ್ಧ ಬಣ್ಣದ ಪಾಕವನ್ನು ಹಾಕಿದೆ; ಒಂದೇ ಒತ್ತಿಗೆ ಎಲ್ಲವೂ ವಿದೇಶಿ ಸಿನಿಮಾದಂತಾಗುತ್ತದೆ. ಆಯಿತು ಕೂಡ. ಮದುಮಗಳ ಅರಿಶಿನ ಚಾಕಲೇಟಾಯಿತು, ಮೊಳಕೈವರೆಗಿನ ಹಸಿರು ಬಳೆ ಕಪ್ಪುನೀಲಿಯಾಯಿತು. ನಾದಿನಿ ಫೋನು ಮಾಡಿ, "ಭಾವ, ನಾವು ಹಸರ ಬಳಿ ಇಡಿಸಿ ಕಳಿಸೇವಿ. ಇದರಾಗ ಕರೇ ಬಳಿ ಯಾಕ ಕಾಣಾಕತ್ತಾವು? ಬೀಗರು ನೋಡಿದ್ರ ಏನಂದಾರು?" ಎಂದು ಅಳುವುದೊಂದು ಬಾಕಿ. ಪೂರ್ತಿ ಮದುವೆಗೆ ನಾಲ್ಕು ದಿನ ಕೂತು ಹೊಸದಾಗಿ ಬಣ್ಣ ಹದ ಮಾಡಿಕೊಟ್ಟೆ. ಬಳೆ ಹಸಿರಾಗಿ ಕಾಣಬೇಕೆಂಬುದು ಕಲೆಯ ಪ್ರಶ್ನೆಯಲ್ಲ, ಎರಡು ಮನೆಗಳ ಮರ್ಯಾದೆಯ ಪ್ರಶ್ನೆ ಎಂದು ಆಗ ತಿಳಿಯಿತು.

ನಮ್ಮ ಜನಕ್ಕೆ ಬಣ್ಣದ ಲೆಕ್ಕವೇ ಬೇರೆ. ಅಕ್ಕಿ ಕೆಂಪು, ಆಕಳು ಕೆಂಪು, ಮಣ್ಣು ಕೆಂಪು, ಚಹಾ ಕೆಂಪು, ಸಿಟ್ಟು ಬಂದವನ ಮೋರೆಯೂ ಕೆಂಪು. ಕಂದು ಎಂಬ ಪದ ಪುಸ್ತಕದಲ್ಲಿದೆ, ನಮ್ಮ ಕಡೆ ಬಾಯಿಗೆ ಬಂದದ್ದು ಕಡಿಮೆ. ನಾನು ಇದನ್ನು ಬಹಳ ದಿನ ಭಾಷೆಯ ಬಡತನ ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ನನ್ನ ತಂತ್ರಾಂಶದ ಬಣ್ಣದ ಚಕ್ರವೂ ಇದನ್ನೇ ಹೇಳುತ್ತದೆ. ಅಲ್ಲಿ ಮನುಷ್ಯರ ಚರ್ಮವೂ ಕೆಂಪು ಮಣ್ಣೂ ಹೆಚ್ಚುಕಡಿಮೆ ಒಂದೇ ದಿಕ್ಕಿನಲ್ಲಿ ಬೀಳುತ್ತವೆ. ಒಂದನ್ನು ತಿದ್ದಲು ಹೋದರೆ ಇನ್ನೊಂದೂ ಜೊತೆಗೇ ಅಲ್ಲಾಡುತ್ತದೆ. ಈ ಜ್ಞಾನ ನನಗೆ ಹಳಿಯಾಳದ ಒಂದು ಗರಡಿಮನೆಯಲ್ಲಿ ಸಾಕಷ್ಟು ತೊಂದರೆ ಕೊಟ್ಟಿತು. ಅದನ್ನು ಹೇಳಲೆಂದೇ ಇಷ್ಟು ಸುತ್ತಿ ಬಂದೆ.

ಹಳಿಯಾಳದ ಕಡೆ ಕುಸ್ತಿಯ ಹುಚ್ಚು ಹೆಚ್ಚು. ಮಲ್ಲೇಶಪ್ಪ ಎಂಬ ಹಿರಿಯ ವಸ್ತಾದರು, ಅಂದರೆ ಕುಸ್ತಿ ಕಲಿಸುವ ಗುರುಗಳು, ಈಗ ಹುಡುಗಿಯರಿಗೂ ಕಲಿಸುತ್ತಾರೆ. ಅವರ ಗರಡಿಯ ಮೇಲೊಂದು ಕಿರುಚಿತ್ರ ಮಾಡುತ್ತೇನೆಂದು ನಾನು ತಿಂಗಳುಗಟ್ಟಲೆ ದುಂಬಾಲು ಬಿದ್ದೆ. ಕೊನೆಗೆ ಅವರು ಬಾ ಎಂದದ್ದು ಒಂದು ಮುಖ್ಯವಾದ ದಿನ. ದೊಡ್ಡ ತರಬೇತಿ ಶಿಬಿರಕ್ಕೆ ಒಂದು ತೂಕದ ವಿಭಾಗದಲ್ಲಿ ಒಬ್ಬಳನ್ನು ಮಾತ್ರ ಕಳಿಸಬೇಕಿತ್ತು. ಉಳಿದಿದ್ದವರು ಇಬ್ಬರು. ಮುಂಡಗೋಡ ತಾಲೂಕಿನ ಇಂದೂರಿನಿಂದ ಬಂದು ಅತ್ತೆಯ ಮನೆಯಲ್ಲಿದ್ದು ಕಲಿಯುವ ರೇಣುಕಾ, ಮತ್ತು ಹಳಿಯಾಳದ ಪಕ್ಕದ ಹಳ್ಳಿಯ ಸವಿತಾ. ರೇಣುಕಾ ಚಿಕ್ಕವಳು, ಅವಳಿಗೆ ಮುಂದಿನ ವರ್ಷವೂ ಅವಕಾಶವಿತ್ತು. ಸವಿತಾಳಿಗೆ ವಯಸ್ಸಿನ ಮಿತಿ ಈ ವರ್ಷಕ್ಕೇ ಮುಗಿಯುತ್ತಿತ್ತು. ಅಂದು ಇಬ್ಬರ ನಡುವಿನ ಕುಸ್ತಿಯಲ್ಲಿ ಗೆದ್ದವಳೇ ಶಿಬಿರಕ್ಕೆ.

ಅಖಾಡದ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಹಾಕಿ ಕಲಸುತ್ತಾರೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಆ ಕೆಂಪನ್ನು ನೀವು ನೋಡಬೇಕು. ನಾನು ನೋಡಿದೆ, ಮೈಮರೆತೆ. ರೇಣುಕಾ ಸವಿತಾಳನ್ನು ಎತ್ತಿ ಒಗೆದಳು. ಅವಳ ಎಡಭುಜ ನೆಲಕ್ಕೆ ತಾಗಿದ್ದು ಎಲ್ಲರಿಗೂ ಕಂಡಿತು. ಬಲಭುಜವೂ ನೆಲಕ್ಕೆ ತಾಗಿದರೆ ಆಟ ಅಲ್ಲಿಗೇ ಮುಗಿದು ರೇಣುಕಾ ಗೆದ್ದಂತೆ. ಆದರೆ ಸವಿತಾ ಮೀನಿನಂತೆ ತಿರುಚಿಕೊಂಡು ಹೊರಬಂದು, ಮರುಕ್ಷಣದಲ್ಲೇ ರೇಣುಕಾಳನ್ನು ಅಂಗಾತ ಕೆಡವಿ ಚಿತ್ ಮಾಡಿದಳು. ನಡುವಿನ ಆ ಅರೆಗಳಿಗೆಯಲ್ಲಿ ಸವಿತಾಳ ಬಲಭುಜ ಮಣ್ಣಿಗೆ ಹತ್ತಿತ್ತೋ ಇಲ್ಲವೋ? ಹೇಳಬೇಕಾದವರು ವಸ್ತಾದರು. ಆ ಹೊತ್ತಿಗೆ ಸರಿಯಾಗಿ, ಒಳ್ಳೆಯ ಬೆಳಕು ಸಿಕ್ಕಿತೆಂದು ಕ್ಯಾಮೆರಾ ಹಿಡಿದು ಅವರ ಕಣ್ಣಿಗೆ ಅಡ್ಡ ನಿಂತಿದ್ದವನು ನಾನು.

ಗಲಾಟೆ ಎದ್ದಿತು. ಹತ್ತೇತಿ ಎಂದು ರೇಣುಕಾ ಕೂಗಿದಳು. ಸುತ್ತ ನಿಂತವರಲ್ಲಿ ಅರ್ಧ ಜನ ಹತ್ತಿದೆ ಎಂದರು, ಅರ್ಧ ಜನ ಇಲ್ಲವೆಂದರು. ಬೆನ್ನು ನೋಡೋಣವೆಂದರೆ ಆಮೇಲಿನ ಹೊರಳಾಟದಲ್ಲಿ ಇಬ್ಬರ ಬೆನ್ನೂ ಮಣ್ಣಾಗಿತ್ತು. ವಸ್ತಾದರು ನನ್ನ ಕಡೆ ತಿರುಗಿದರು.

"ಮಾಸ್ತರ, ನೀವು ಅಡ್ಡ ಬಂದ್ರಿ, ನನಗ ಕಾಣಲಿಲ್ಲ. ಈಗ ನಿಮ್ಮ ಡಬ್ಬಿನ ಹೇಳಬೇಕು. ತೋರಸ್ರಿ."

ತೋರಿಸಿದೆ. ಹತ್ತು ತಲೆಗಳು ಬಾಗಿದವು. ಪರದೆಯ ಮೇಲೆ ಬೂದು ಹುಡುಗಿ, ಬೂದು ಮಣ್ಣು. ಎಲ್ಲಿ ಭುಜ ಮುಗಿಯಿತು, ಎಲ್ಲಿ ನೆಲ ಶುರುವಾಯಿತು ಎಂದು ತಿಳಿಯುವಂತಿರಲಿಲ್ಲ. ತೆಗೆಯುವಾಗಲೇ ಬಣ್ಣ ತೋರಿಸುವ ಸೌಲಭ್ಯವೊಂದು ಈ ಕ್ಯಾಮೆರಾದಲ್ಲಿದೆಯಂತೆ. ಅದನ್ನು ಯಾವ ಪಟ್ಟಿಯೊಳಗೆ ಅಡಗಿಸಿಟ್ಟಿದ್ದಾರೋ ನನಗೆ ಈವರೆಗೆ ಪತ್ತೆಯಾಗಿಲ್ಲ.

"ಬಣ್ಣಾ ಎಲ್ಲಿ ಹೋತ್ರಿ?" ಎಂದರು ವಸ್ತಾದರು.

"ಒಳಗ ಐತ್ರಿ. ಮನೀಗೆ ಹೋಗಿ ಬಣ್ಣಾ ಹಾಕಿ ತರ್ತೇನಿ" ಎಂದೆ. ಹೆಂಡತಿಯ ಮಾತೇ ಬಾಯಿಗೆ ಬಂದಿತ್ತು.

ವಸ್ತಾದರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮನ್ಯಾಗ ಕೂತು ನೀವು ಬಣ್ಣಾ ಹಾಕೋರು. ಭುಜಕ್ಕ ಒಂದೀಟು ಮಣ್ಣು ಹಾಕಿದ್ರ ನಮಗೇನ ಗೊತ್ತಾಗ್ತೈತ್ರಿ? ನಾಳೆ ಮುಂಜಾನೆ ನಾವ ಬರ್ತೇವಿ. ನಮ್ಮ ಮುಂದ ಹಾಕ್ರಿ."

ನನಗೆ ಅವಮಾನವಾಯಿತು. ಬಸ್ಸಿನಲ್ಲಿ ದಾಂಡೇಲಿಗೆ ಮರಳುವಾಗ ಯೋಚಿಸಿದರೆ ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾದಿನಿಯ ಮಗಳ ಹಸಿರು ಬಳೆಯನ್ನು ಒಂದೇ ಒತ್ತಿಗೆ ಕಪ್ಪು ಮಾಡಿದವನು ನಾನೇ ತಾನೆ.

ಮರುದಿನ ಬೆಳಿಗ್ಗೆ ವಸ್ತಾದರು ಇಬ್ಬರು ಹುಡುಗಿಯರೊಡನೆ ಬಂದಿಳಿದರು. ಹೆಂಡತಿ ಅವಲಕ್ಕಿ, ಚಹಾ ಕೊಟ್ಟಳು. ಹುಡುಗಿಯರು ಒಂದೇ ತಟ್ಟೆಯಲ್ಲಿ ತಿಂದರು. ಶಿಬಿರಕ್ಕೆ ಹೋಗುವವಳು ಯಾರೆಂದು ತೀರ್ಮಾನವಾಗುವ ಮೊದಲು ಅವರು ಹೀಗೆ ತಿನ್ನುತ್ತಾರೆಂದು ನಾನು ಎಣಿಸಿರಲಿಲ್ಲ. ಆಮೇಲೆ ನಾಲ್ವರೂ ಕಂಬಳಿ ಹೊದಿಸಿದ ಕೋಣೆಯಲ್ಲಿ ಪರದೆಯ ಮುಂದೆ ಕೂತೆವು. ವಸ್ತಾದರು ಟವೆಲಿನ ಗಂಟು ಬಿಚ್ಚಿದರು. ಒಳಗೆ ಒಂದು ಹಿಡಿ ಅಖಾಡದ ಮಣ್ಣು.

"ಮೊದಲ ಇದರ ಬಣ್ಣಕ್ಕ ಹೊಂದಸ್ರಿ. ಉಳದದ್ದು ಆಮ್ಯಾಲೆ."

ನಾನು ಬೆರಗಾದೆ. ಚಿತ್ರೀಕರಣಕ್ಕೆ ಮೊದಲು ಕ್ಯಾಮೆರಾದ ಮುಂದೆ ಒಂದು ಬೂದು ಹಲಗೆ ಹಿಡಿದು ತೆಗೆದುಕೊಂಡರೆ ಬಣ್ಣಕ್ಕೆ ಆಧಾರ ಸಿಗುತ್ತದೆ ಎಂದು ಪಾಠಗಳೆಲ್ಲ ಹೇಳುತ್ತವೆ. ನಾನು ಸೋಮಾರಿತನದಿಂದ ಬಿಟ್ಟಿದ್ದೆ. ಕ್ಯಾಮೆರಾವನ್ನು ಡಬ್ಬಿ ಎನ್ನುವ ಮನುಷ್ಯ ಆ ಪಾಠವನ್ನು ಟವೆಲಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಒಣಗಿದ ಮಣ್ಣಿನ ಬಣ್ಣ ಬೇರೆಯೆಂದು ಹೇಳಿ, ಒಳಗಿನಿಂದ ಮಜ್ಜಿಗೆ ತರಿಸಿ ನಾಲ್ಕು ಹನಿ ಚಿಮುಕಿಸಿ ಕಲಸಿದರು. ಕಿಟಕಿಯ ಕಂಬಳಿಯನ್ನು ತೆಗೆಸಿ, ಬಿಸಿಲಿನಲ್ಲಿ ಮಣ್ಣು ಹಿಡಿದು ನಿಂತರು. ನಾನು ಅವರ ಅಂಗೈ ನೋಡುತ್ತ, ಪರದೆ ನೋಡುತ್ತ ಚಕ್ರ ತಿರುಗಿಸಿದೆ. ಹೆಚ್ಚಾತು, ಇಳಸ್ರಿ, ಅರಿಶಿನ ಕಡಿಮಿ ಬಿತ್ತು ಎಂದು ಅವರು ಅಡುಗೆ ಹೇಳಿಕೊಡುವವರಂತೆ ಹೇಳುತ್ತ ಹೋದರು. ಬಹಳ ಹೊತ್ತಾದ ಮೇಲೆ ಪರದೆಯ ನೆಲ ಅಂಗೈಯ ಮಣ್ಣಿನಂತೆಯೇ ಆಯಿತು. ಅದರ ಜೊತೆಗೇ ಹುಡುಗಿಯರಿಗೂ ಜೀವ ಬಂತು. ತನ್ನನ್ನೇ ನೋಡಿ ರೇಣುಕಾ ನಕ್ಕಳು.

ಉಳಿದದ್ದು ಭುಜ. ಆ ಅರೆಗಳಿಗೆಯ ಚಿತ್ರವನ್ನು ನಿಲ್ಲಿಸಿದೆ. ಸವಿತಾಳ ಬಲಭುಜದ ಕೆಳಗೆ ಒಂದು ಎಳೆಯಷ್ಟು ನೆರಳು. ಕೆಳಗೆ ಸಂದಿ ಇದ್ದುದರಿಂದ ಬಿದ್ದ ನೆರಳೋ, ನೆಲಕ್ಕೆ ಒತ್ತಿದ ಅಂಚೋ? ನೆರಳಿನ ಗುಂಡಿಯನ್ನು ಸ್ವಲ್ಪ ಮೇಲೆತ್ತಿದರೆ ಕತ್ತಲು ಕರಗಿ ಭುಜವೂ ಮಣ್ಣೂ ಕೂಡಿಕೊಳ್ಳುತ್ತಿದ್ದವು. ಸ್ವಲ್ಪ ಇಳಿಸಿದರೆ ನಡುವೆ ಕಪ್ಪು ಗೆರೆ ಮೂಡಿ ಭುಜ ನೆಲ ಬಿಟ್ಟು ನಿಲ್ಲುತ್ತಿತ್ತು. ಎರಡೂ ನಂಬುವಂತಿದ್ದವು. ಒಬ್ಬ ಹುಡುಗಿಯ ವರ್ಷ ನನ್ನ ಬೆರಳ ತುದಿಯಲ್ಲಿತ್ತು. ಇಲ್ಲಿ ನಿಮಗೆ ನಿಜ ಹೇಳಿಬಿಡುತ್ತೇನೆ. ಸವಿತಾಳಿಗೆ ಇದು ಕೊನೆಯ ವರ್ಷ ಎಂಬುದು ನನ್ನ ತಲೆಯಲ್ಲಿತ್ತು. ನಾನು ಗುಂಡಿಯನ್ನು ಎರಡೇ ಎರಡು ಗೆರೆ ಕೆಳಗಿಳಿಸಿದೆ. ಕಪ್ಪು ಗೆರೆ ಮೆಲ್ಲಗೆ ಮೂಡಿತು.

ವಸ್ತಾದರು ಮುಂದಕ್ಕೆ ಬಾಗಿ ನೋಡಿದರು. "ಸಂದಿ ಕಾಣತೈತಿ" ಎಂದರು. ರೇಣುಕಾ ತಲೆ ತಗ್ಗಿಸಿದಳು.

ಸವಿತಾ ಮಾತ್ರ ಪರದೆಯನ್ನು ನೋಡುತ್ತಲೇ ಇದ್ದಳು. ನಿನ್ನೆಯಿಂದ ಅವಳ ಬಾಯಿಂದ ಒಂದು ಮಾತೂ ಬಂದಿರಲಿಲ್ಲ. "ಹತ್ತೇತ್ರಿ ವಸ್ತಾದ್ರ" ಎಂದಳು.

"ಎಲ್ಲಿ ಕಾಣಸ್ತು ನಿನಗ?"

"ಕಾಣಂಗಿಲ್ರಿ. ಬಲಗಡೆ ಭುಜಕ್ಕ ಮಣ್ಣು ತಂಪ ಹತ್ತಿತ್ತು."

ವಸ್ತಾದರು ಅಂಗೈಯ ಮಣ್ಣನ್ನು ಟವೆಲಿಗೆ ಇಳಿಸಿದರು. "ಮತ್ತ ನಿನ್ನೇನ ಯಾಕ ಹೇಳ್ಲಿಲ್ಲವ್ವಾ?"

"ನನ್ನ ಯಾರೂ ಕೇಳ್ಲಿಲ್ಲಲ್ರಿ. ಎಲ್ಲಾರೂ ಮಾಸ್ತರ ಕ್ಯಾಮೆರಾನ ಕೇಳಾಕತ್ತಿದ್ರು." ಪರದೆಯಿಂದ ಕಣ್ಣು ತೆಗೆದು ಮತ್ತೆ ಹೇಳಿದಳು: "ಕೇಳಿದ್ರ ಹೇಳ್ತಿದ್ನೋ ಇಲ್ಲೋ, ಅದೂ ಗೊತ್ತಿಲ್ರಿ."

ವಸ್ತಾದರು ಅವಳ ಬೆನ್ನಿನ ಮೇಲೆ ಕೈ ಇಟ್ಟರು, ಮಣ್ಣು ಮೆತ್ತಿದ ಕೈಯನ್ನೇ. ರೇಣುಕಾ ಅವಳ ಪಕ್ಕಕ್ಕೆ ಸರಿದು ಕೂತಳು. ನನಗೆ ಬಹಳ ನಾಚಿಕೆಯಾಯಿತು. ಬೆಳಕನ್ನೂ ನೆರಳನ್ನೂ ಒಂದು ಚೂರೂ ಬಿಡದೆ ಹಿಡಿಯುತ್ತೇನೆಂದು ಎಲ್ಲರೆದುರು ಕೊಚ್ಚಿಕೊಳ್ಳುವವನು, ಮಣ್ಣಿನ ತಂಪನ್ನು ಹಿಡಿದವಳ ಎದುರು ಕೂತಿದ್ದೆ. ಗುಂಡಿಯನ್ನು ಎರಡು ಗೆರೆ ಮೇಲಕ್ಕೆ, ಮೊದಲಿದ್ದ ಜಾಗಕ್ಕೆ ತಂದಿಟ್ಟೆ. ಯಾರೂ ನೋಡಲಿಲ್ಲ, ಆ ಹೊತ್ತಿಗೆ ಪರದೆಯ ಕಡೆ ಯಾರ ಕಣ್ಣೂ ಇರಲಿಲ್ಲ.