ಮೇಕೆ ಮೂಸಿ ಬಿಟ್ಟ ನೋಟೀಸು

ಸೂರ್ಯ ಗುಡ್ಡದಾಚೆ ಇನ್ನೂ ಆಕಳಿಸುತ್ತಿರುವ ಹೊತ್ತಿಗೇ ತಾಮ್ಸಿನ್ ಪೆನ್‌ಹ್ಯಾಲೋ ಏಣಿಯ ಮೇಲಿರುತ್ತಾರೆ. ಬಲಗೈಯಲ್ಲಿ ಬ್ರಷ್ಷು, ಹಲ್ಲಿನಲ್ಲಿ ಕಾಗದದ ತುದಿ, ಎಡಮೊಣಕೈಗೆ ನೇತುಬಿದ್ದ ಅಂಟಿನ ಬಕೆಟ್ಟು. ಬ್ರಷ್ಷು ಎರಡು ಸಲ ಬೀಸುತ್ತದೆ, ಕಾಗದ ಒಮ್ಮೆ ಹಾರುತ್ತದೆ, ಅಂಗೈ ಒಮ್ಮೆ ಸವರುತ್ತದೆ. ನೊಣ ಕೂತು ಏಳುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಒಮ್ಮೆ ನೊಣ ಏಳುವುದು ಕೊಂಚ ತಡವಾಗಿ, ಮೇಯರರ ಹೆಸರಿನ ಪಕ್ಕ ಪೂರ್ಣವಿರಾಮವಾಗಿ ಎರಡು ದಿನ ಉಳಿದದ್ದೂ ಉಂಟು.

ಕ್ವೀನ್ಸ್‌ಲ್ಯಾಂಡಿನ ಚಿನ್ನದ ಊರುಗಳಲ್ಲೆಲ್ಲ ನಮ್ಮ ಡನ್‌ಸ್ಟನ್ ರೀಫೇ ದೊಡ್ಡದು. ಲಂಡನ್ ಇದಕ್ಕಿಂತ ದೊಡ್ಡದೆನ್ನುವವರಿದ್ದಾರೆ. ಅವರು ಇಲ್ಲಿಗೆ ಬಂದು ನೋಡಿದವರಲ್ಲ. ಜನ ಆರು ಸಾವಿರ. ಮೇಕೆಗಳೆಷ್ಟು ಎಂಬುದು ಗೊತ್ತಿಲ್ಲ, ಏಕೆಂದರೆ ಎಣಿಸಲು ಹೋದ ಗುಮಾಸ್ತನ ಪುಸ್ತಕವನ್ನೇ ಅವು ತಿಂದುಹಾಕಿದವು. ಹಸು ಬದುಕದ ಈ ಬಿಸಿಲಲ್ಲಿ ಎಲ್ಲರ ಮನೆಯ ಹಾಲೂ ಮೇಕೆಯದೇ. ಯಾರೂ ಕಟ್ಟಿಹಾಕುವುದಿಲ್ಲ. ಅವು ಬೂಟು ತಿನ್ನುತ್ತವೆ, ಪರದೆ ತಿನ್ನುತ್ತವೆ, ಒಮ್ಮೆ ಪೊಲೀಸ್ ಕುದುರೆಯ ಜೀನನ್ನು ತಿಂದಿವೆ. ಆದರೆ ಮೈದಾ ಅಂಟು ಬಳಿದ ಕಾಗದ ಸಿಕ್ಕರೆ ಅವುಗಳಿಗೆ ಅದೇ ಮದುವೆಯೂಟ.

ಆ ಊಟ ಬಡಿಸುವವರೇ ತಾಮ್ಸಿನ್. ದಿನಕ್ಕೆ ನೂರಾ ನಲವತ್ತು ಕಾಗದ, ಅರವತ್ತೆರಡು ಗೋಡೆ, ಎರಡು ಬಕೆಟ್ಟು ಅಂಟು, ಹನ್ನೊಂದು ಮೈಲಿ ನಡಿಗೆ. ಕಳೆದುಹೋದ ನಾಯಿ, ಚಾಪೆಲ್ಲೆಂಬ ಪುಟ್ಟ ಚರ್ಚಿನ ಟೀ ಕೂಟ, ಕುದುರೆ ಪಂದ್ಯ, ಚರಂಡಿ ಕುರಿತು ನಗರಸಭೆಯ ಎಚ್ಚರಿಕೆ ಎಲ್ಲವೂ ಅವರ ಬ್ರಷ್ಷಿನಡಿಯಲ್ಲೇ ಊರಿಗೆ ತಿಳಿಯುವುದು. ಇವುಗಳ ನಡುವೆ ಔಷಧಿಗಳ ಸಂತೆ: ಪಿತ್ತದ ಗುಳಿಗೆ, ಕೀಲಿನ ಎಣ್ಣೆ, ಕೂದಲು ಮೊಳೆಸುವ ಮುಲಾಮು. ಎಲ್ಲದರ ನೆತ್ತಿಯ ಮೇಲೆ ಬಾರ್ನಬಿ ಕ್ವಿಲ್ ಅವರ 'ಸಕಲರೋಗ ಸಂಹಾರಿ ಕಹಿ ಟಾನಿಕ್'. ಅದರ ಪೋಸ್ಟರಿನಲ್ಲಿ ಮೂವತ್ತೊಂದು ಕಾಯಿಲೆಗಳ ಪಟ್ಟಿಯಿದೆ. ಗಟ್ಟಿಮುಟ್ಟಾದ ಆಳು ಅದನ್ನು ನಿಂತು ಪೂರ್ತಿ ಓದಿದರೆ, ಕೊನೆಯ ಸಾಲಿಗೆ ಬರುವಷ್ಟರಲ್ಲಿ ನಾಲ್ಕೈದಾದರೂ ಅವನಿಗೆ ಹತ್ತಿಕೊಂಡಿರುತ್ತವೆ.

ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಂಡನ ಜೊತೆ ಬಂದ ತಾಮ್ಸಿನ್, ಗಣಿಯ ಬಂಡೆ ಕುಸಿದು ಗಂಡ ಸತ್ತ ತಿಂಗಳೇ ಈ ಕೆಲಸಕ್ಕೆ ಸೇರಿದರು. ಈಗ ಒಂಬತ್ತು ವರ್ಷ. "ನಮ್ಮಪ್ಪ, ನಮ್ಮಣ್ಣ, ನಮ್ಮೋರು ಎಲ್ರೂ ನೆಲದ ಕೆಳಗೇ ಇಳಿದೋರು. ನೋಡಿ ನೋಡಿ ಸಾಕಾಗಿತ್ತು. ಮೇಲಕ್ಕೆ ಹತ್ತೋ ಕೆಲಸ ಏನಾದ್ರೂ ಇದ್ಯಾ ಅಂತ ಕೇಳ್ದೆ, ಏಣಿ ಕೊಟ್ರು," ಎನ್ನುತ್ತಾರೆ.

ಈ ಬೇಸಿಗೆಯಲ್ಲಿ ಆ ಏಣಿಯೂ ಕೈತಪ್ಪುವ ಹಾಗಾಗಿತ್ತು. ಊರಿಗೆ ಕರುಳಿನ ಜ್ವರ ಹೊಕ್ಕಿತು. ಆಸ್ಪತ್ರೆ ತುಂಬಿ, ಹೊರಗೆ ಡೇರೆಗಳೆದ್ದವು. ಕೆಳಬಾವಿಯ ನೀರೇ ಕಾರಣವೆಂದು ಡಾಕ್ಟರು ಹೇಳಿದರು. ಬಟ್ಟೆ ಒಗೆಯಲು, ಕುದುರೆಗೆ ಕುಡಿಸಲು ಅದು ಬೇಕೇ ಬೇಕಾದ್ದರಿಂದ ಮುಚ್ಚುವಂತಿರಲಿಲ್ಲ. 'ಈ ನೀರು ಕುಡಿಯಬೇಡಿ. ಕುಡಿಯುವ ನೀರು ಬಂಡಿಯಲ್ಲಿ ಬರುತ್ತದೆ' ಎಂದು ಅಚ್ಚಾದ ನೋಟೀಸುಗಳು ದಿನಕ್ಕೆ ಇಪ್ಪತ್ತಾರರಂತೆ ತಾಮ್ಸಿನ್ ಕೈಗೆ ಬಂದವು. ಅವರು ಮುಂಜಾನೆ ಅಂಟಿಸಿದರೆ ಮೇಕೆಗಳು ಉಪಾಹಾರಕ್ಕೆ ಮುಗಿಸುತ್ತಿದ್ದವು. ಉಪ್ಪು ಬೆರೆಸಿದರೆ ಚಪ್ಪರಿಸಿದವು. ಮೆಣಸು ಬೆರೆಸಿದರೆ ಸೀನಿ ಸೀನಿ ತಿಂದವು. ಎತ್ತರಕ್ಕೆ ಅಂಟಿಸಿದರೆ ಒಂದರ ಬೆನ್ನ ಮೇಲೊಂದು ಹತ್ತಿ, ಮೇಲಿನದು ತಿಂದು ಕೆಳಗಿನದಕ್ಕೆ ಪಾಲು ಕೊಟ್ಟಿತು.

ಪಕ್ಕದ ಮನೆಯ ಅಗಸಗಿತ್ತಿ ಬ್ರಿಜೆಟ್ ಹ್ಯಾನ್ರಾಟಿಯ ಮಗಳು ನೋರಾ, ದೂರದ ದನ ಸಾಕುವ ಎಸ್ಟೇಟಿನಲ್ಲಿ ಕೆಲಸ ಮುಗಿಸಿ ಊರಿಗೆ ಮರಳಿದ್ದು ಅದೇ ವಾರ. ಬಾಯಾರಿ ಕೆಳಬಾವಿಗೆ ಹೋದಳು. ಅಲ್ಲಿನ ನೋಟೀಸಿನ ಹಲಗೆ ಬೋಳಾಗಿತ್ತು. ಹೊಟ್ಟೆ ತುಂಬ ಕುಡಿದಳು. ಎರಡು ವಾರಕ್ಕೆ ಡೇರೆ ಸೇರಿದಳು.

ನಗರಸಭೆಯ ಕಾರ್ಯದರ್ಶಿ ಅಬ್ನೆಟ್ ತಾಮ್ಸಿನ್ ಬಾಗಿಲಿಗೇ ಬಂದರು. "ಮಿಸೆಸ್ ಪೆನ್‌ಹ್ಯಾಲೋ, ದಿನಾ ಇಪ್ಪತ್ತಾರು ಕೊಡ್ತಿದೀನಿ. ಊರೆಲ್ಲಾ ಸುತ್ತಿದ್ರೆ ಎರಡಿದಾವೆ. ಮಿಕ್ಕಿದ್ದನ್ನ ಒಲೆಗೆ ಹಾಕಿದ್ರಾ?"

"ಮೇಕೆ ತಿಂದ್ವು ಸ್ವಾಮಿ."

"ಅವಕ್ಕೆ ಬಾಯಿ ಬರಲ್ಲ ಅಂತ ಎಲ್ಲಾನೂ ಅವುಗಳ ತಲೆಗೇ ಕಟ್ತೀರಾ?"

ಬ್ರಿಜೆಟ್ ಬೇಲಿಯಾಚೆಯಿಂದ ಹರಿದ ಕಾಗದದ ಚೂರೊಂದನ್ನು ಎತ್ತಿ ಹಿಡಿದಳು. "ಬಾಯಿ ಬರದೇ ಇರ್ಬೋದು, ಗಡ್ಡ ಇದೆಯಲ್ಲ! ನಮ್ಮನೆ ಜಡ್ಜ್ ಗಡ್ಡದಲ್ಲಿ ಸಿಕ್ತು ನೋಡಿ. 'ಕುಡಿಯಬೇಡಿ' ಅಂತಿದೆ. ನನ್ನ ಮಗಳು ಓದಬೇಕಾದ್ದನ್ನ ನನ್ನ ಮೇಕೇನೇ ತಿಂದಿದೆ." ಜಡ್ಜ್ ಎಂದರೆ ಆಕೆಯ ಹೋತ. ಅಷ್ಟು ಹೇಳಿ ಬ್ರಿಜೆಟ್ ಸೆರಗಿನಂತೆ ಏಪ್ರನ್ನನ್ನು ಮುಖಕ್ಕೆಳೆದುಕೊಂಡಳು.

ಅಬ್ನೆಟ್ ದನಿ ತಗ್ಗಿತು, ಮಾತು ತಗ್ಗಲಿಲ್ಲ. "ಶನಿವಾರ ಬೆಳಿಗ್ಗೆ ಎಂಟಕ್ಕೆ ನಾನೇ ಎಣಿಸ್ತೀನಿ. ಇಪ್ಪತ್ತಾರೂ ಇರ್ಬೇಕು. ಇಲ್ಲಾಂದ್ರೆ ಬ್ರಷ್ಷು ಬೇರೆಯವರ ಕೈಗೆ."

ಕ್ವಿಲ್ ಸಾಹೇಬರು ವಿಶ್ವಾಸಕ್ಕೆಂದು ವಾರವಾರ ಒಂದು ಬಾಟಲಿ ಟಾನಿಕ್ ಕೊಡುತ್ತಿದ್ದರು. ತಾಮ್ಸಿನ್ ಒಂದೇ ಒಂದು ಸಲ ಒಂದು ಚಮಚ ಕುಡಿದಿದ್ದರು. ಆ ಕಹಿಗೆ ನಾಲಿಗೆ ಮೂರು ದಿನ ಊರುಬಿಟ್ಟು ಹೋಗಿತ್ತು. ಬಾಟಲಿಗಳೆಲ್ಲ ಮಂಚದ ಕೆಳಗೆ ಸೇರಿದ್ದವು. ಗುರುವಾರ ಬ್ರಿಜೆಟ್ ಅಂಗಲಾಚಿದಳು: "ತಾಮ್ಸಿ, ಏನಾದ್ರೂ ಕೊಡೇ. ಅದರಲ್ಲಿ ಮೂವತ್ತೊಂದು ಕಾಯಿಲೆ ಬರ್ದಿದೆಯಲ್ಲ, ಇದೊಂದಕ್ಕಾದ್ರೂ ಆಗಲ್ವಾ?" ಇಲ್ಲವೆನ್ನಲಾಗದೆ ತಾಮ್ಸಿನ್ ಒಂದು ಬಾಟಲಿಯನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಡೇರೆಗೆ ಹೋದರೆ, ದಾದಿ ಒಳಗೇ ಬಿಡಲಿಲ್ಲ: "ಇದನ್ನ ಕುಡಿಸಿದ್ರೆ ಜ್ವರ ಹೋಗತ್ತಮ್ಮಾ, ಹುಡುಗೀನೂ ಜೊತೆಗೇ ಹೋಗ್ತಾಳೆ."

ಮರಳುವ ದಾರಿಯಲ್ಲಿ ಬಿಸಿಲಿಗೆ ಬಾಟಲಿ ಉಬ್ಬಿ, ಬಿರಡೆ ಹಾರಿ, ಟಾನಿಕ್ಕೆಲ್ಲ ಪಕ್ಕದಲ್ಲಿದ್ದ ಅಂಟಿನ ಬಕೆಟ್ಟಿಗೆ ಸುರಿಯಿತು. ಮೈದಾ ಚೆಲ್ಲುವ ಮನಸ್ಸಾಗದೆ, ಅದೇ ಅಂಟಿನಲ್ಲಿ ಎಂಟು ನೋಟೀಸು ಅಂಟಿಸಿದರು. ಶುಕ್ರವಾರ ಬೆಳಗಾದಾಗ ಊರಲ್ಲಿ ಸರಿಯಾಗಿ ಎಂಟು ನೋಟೀಸು ಉಳಿದಿದ್ದವು. ಒಂಬತ್ತನೆಯದಿಲ್ಲ. ತಾಮ್ಸಿನ್ ಬಾವಿಯ ಬಳಿ ಕಾದು ಕೂತರು. ಜಡ್ಜ್ ಬಂತು. ಮೂಸಿತು. ಜೀನು ತಿಂದು ಅರಗಿಸಿಕೊಂಡಿದ್ದ ಆ ಪ್ರಾಣಿ ಮೇಲ್ತುಟಿ ಮಡಚಿ, ಕಣ್ಣಲ್ಲಿ ನೀರು ತಂದುಕೊಂಡು, ಹಿಂದೆ ಹಿಂದೆ ಹೆಜ್ಜೆಯಿಟ್ಟು, ಚಾಪೆಲ್ಲಿನ ಬೇಲಿಗೆ ಢಿಕ್ಕಿ ಹೊಡೆದು ಓಡಿತು. ಮಂಚದ ಕೆಳಗಿನ ಬಾಟಲಿಗಳು ಅಂದೇ ಖಾಲಿಯಾದವು.

ಶನಿವಾರ ಅಬ್ನೆಟ್ ಎರಡು ಸಲ ಎಣಿಸಿದರು. ಇಪ್ಪತ್ತಾರು. "ಅಂಟಿಗೆ ಏನು ಹಾಕಿದ್ರಿ?"

"ಸಕಲರೋಗ ಸಂಹಾರಿ, ಸ್ವಾಮಿ."

ದಿನಕ್ಕೆರಡು ಚಮಚ ಅದನ್ನೇ ಸೇವಿಸುವ ಅಬ್ನೆಟ್ ಹೊಟ್ಟೆ ಮುಟ್ಟಿ ನೋಡಿಕೊಂಡರು. ಸರಸರನೆ ಮನೆಯ ದಾರಿ ಹಿಡಿದರು. ಏಣಿ ಉಳಿಯಿತು.

ಮಧ್ಯಾಹ್ನದೊಳಗೆ ಕ್ವಿಲ್ ಬಂದಿಳಿದರು. "ಮೇಕೆ ಓಡ್ಸೋಕೆ ನನ್ನ ಔಷಧೀನಾ? ನನ್ನ ಮಾನ ಹರಾಜಾಕಿದ್ರಿ!"

"ಮಾನ ಉಳಿಸ್ದೆ ಕಣ್ರೀ. ನಿಮ್ಮ ಔಷಧಿ ಕೆಲಸ ಮಾಡ್ತು ಅಂತ ಬೈಬಲ್ ಮುಟ್ಟಿ ಹೇಳೋಕೆ ಈ ಊರಲ್ಲಿ ನಾನೊಬ್ಬಳೇ ಇರೋದು."

ಕ್ವಿಲ್ ತಮ್ಮ ಪೋಸ್ಟರುಗಳನ್ನೆಲ್ಲ ಕಿತ್ತುಕೊಂಡು ಬೇರೊಬ್ಬನಿಗೆ ಕೊಟ್ಟರು. ಬರೀ ಮೈದಾದಲ್ಲಿ ಅಂಟಿಸಿದ ಅವು ಮೂರೇ ದಿನಕ್ಕೆ ಮೇಕೆಗಳ ಹೊಟ್ಟೆ ಸೇರಿದವು. ನಾಲ್ಕನೆಯ ದಿನ ಕ್ವಿಲ್ ತಾಮ್ಸಿನ್ ಮನೆಯ ಹಿತ್ತಿಲ ಬಾಗಿಲಿಗೆ ಬಂದು ಒಂದು ಪೆಟ್ಟಿಗೆ ಟಾನಿಕ್ ಇಳಿಸಿದರು. "ಮಿಸೆಸ್ ಪೆನ್‌ಹ್ಯಾಲೋ, ನಂದಕ್ಕೂ ಸ್ವಲ್ಪ ಬೆರಸ್ತೀರಾ?" ಎಂದು ಪಿಸುಗುಟ್ಟಿದರಂತೆ. ಅವರ ವ್ಯಾಪಾರ ಈಗ ಮುಗಿಲು ಮುಟ್ಟಿದೆ. ಬಾಗಿಲಿಗೆ, ಬೂಟಿಗೆ, ಒಣಹಾಕಿದ ಬಟ್ಟೆಗೆ ಬಳಿಯಲೆಂದು ಇಡೀ ಊರೇ ಕೊಳ್ಳುತ್ತಿದೆ. ಕುಡಿಯುವವರು ಮಾತ್ರ ಯಾರೂ ಇಲ್ಲ. ಹಾಗಾಗಿ ಊರಿನ ಆರೋಗ್ಯ ಸುಧಾರಿಸಿದೆ.

ಉತ್ಪ್ರೇಕ್ಷೆ ಬೇಡದ ಮಾತೊಂದಿದೆ: ನಲವತ್ತಮೂರು ಜನರಿದ್ದ ಡೇರೆಗಳಲ್ಲಿ ಈಗ ಐವರಿದ್ದಾರೆ. ನೋರಾ ಮನೆಗೆ ಬಂದಿದ್ದಾಳೆ. ಕಡ್ಡಿಯಂತಾಗಿದ್ದಾಳೆ, ಆದರೆ ಗಂಜಿಗೆ ಉಪ್ಪಿಲ್ಲವೆಂದು ತಾಯಿಯೊಡನೆ ಜಗಳ ಶುರುಮಾಡಿದ್ದಾಳೆ. ಆ ಜಗಳ ಕೇಳಿದ ದಿನ ಬ್ರಿಜೆಟ್ ಖುಷಿಗೆ ಬೀದಿಯವರ ಬಟ್ಟೆಯನ್ನೆಲ್ಲ ಪುಕ್ಕಟೆ ಒಗೆದು ಕೊಟ್ಟಳು.

ಬಾವಿಯ ನೋಟೀಸು ಇನ್ನೊಂದು ತಿಂಗಳಾದರೂ ಇರಬೇಕೆಂದು ಡಾಕ್ಟರು ಹೇಳಿದ್ದಾರೆ. ತಾಮ್ಸಿನ್ ದಿನವೂ ಹೋಗಿ ಅದರ ಅಂಚು ಒತ್ತಿ ಬರುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ಬ್ರಷ್ಷನ್ನು ಇನ್ನೊಮ್ಮೆ ನೀರಿಗದ್ದಿ ತೊಳೆಯುತ್ತಾರೆ.

"ಡಾಕ್ಟ್ರು ಹೂಂ ಅಂದ ದಿನ ಅದನ್ನ ನನ್ನ ಕೈಯಾರೆ ಕೀಳ್ಬೇಕು. ಅದೇ ಜಾಗಕ್ಕೆ ಡಾನ್ಸಿನ ಪೋಸ್ಟರು ಅಂಟಿಸ್ಬೇಕು, ನೋರಾ ಹೋಗಿ ಕುಣೀಬೇಕು," ಎನ್ನುತ್ತಾರೆ. ಬ್ರಷ್ಷನ್ನು ಕೊಡವಿ ಬಿಸಿಲಿಗಿಡುತ್ತಾರೆ. "ಆ ಪೋಸ್ಟರಿಗೆ ಬರೀ ಮೈದಾ ಸಾಕು. ಮೇಕೆ ತಿಂದ್ರೆ ತಿನ್ಲಿ ಬಿಡಿ."