ಚಂದ್ರ ಒಂದು ದಿನ ಮೊದಲು ಕಂಡ ವರ್ಷ

ನನ್ನ ಗಂಡ ಕುಡಿಯುವವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಡೆಯುವ ಗಂಡ ಅಂದ ಕೂಡಲೇ ಎಲ್ಲರೂ ಕೇಳುವುದು "ಕುಡೀತಾರಾ?" ಅಂತಲೇ. ಕುಡಿಯುವುದಿಲ್ಲ, ಬೀಡಿ ಸೇದುವುದಿಲ್ಲ, ಏಕಾದಶಿ ತಪ್ಪಿಸುವುದಿಲ್ಲ. ಭಟ್ಕಳದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ಕಚೇರಿ ಇದ್ದ ದಿನ ಅವರಷ್ಟು ಮೆತ್ತಗಿನ ಮನುಷ್ಯರಿಲ್ಲ. ಭಾನುವಾರ ತಾಯಿಯನ್ನು ನೋಡಲು ಕುಮಟೆಗೆ ಹೋಗುತ್ತಿದ್ದರು. ಹೊಡೆಯುತ್ತಿದ್ದದ್ದು ಹಬ್ಬದ ರಜೆಗಳಲ್ಲಿ, ಜಯಂತಿಯ ರಜೆಗಳಲ್ಲಿ, ಕ್ಯಾಲೆಂಡರಿನಲ್ಲಿ ವಾರದ ನಡುವೆ ಕೆಂಪಗೆ ಕೂತಿರುತ್ತದಲ್ಲ, ಆ ದಿನಗಳಲ್ಲಿ.

ನಮ್ಮ ದೇಶದಲ್ಲಿ ದೇವರುಗಳು ಬಹಳ, ಹಾಗಾಗಿ ರಜೆಗಳೂ ಬಹಳ. ಬೇರೆ ಮನೆಯ ಹೆಂಗಸರು ಹೊಸ ಕ್ಯಾಲೆಂಡರ್ ಬಂದ ಕೂಡಲೇ ರಜೆ ಯಾವ ವಾರ ಬಿತ್ತು ಅಂತ ಬೆರಳಿಟ್ಟು ನೋಡಿ ಖುಷಿಪಡುತ್ತಾರೆ. ನಾನೂ ಬೆರಳಿಟ್ಟು ಎಣಿಸುತ್ತಿದ್ದೆ, ಈ ವರ್ಷ ಎಷ್ಟು ಸಲ ಅಂತ.

ಗಣರಾಜ್ಯೋತ್ಸವದ ದಿನ ಬೆಳಿಗ್ಗೆ ಧ್ವಜಕ್ಕೆ ಹೋಗಿ ಬರುತ್ತಿದ್ದರು. ಟಿವಿಯಲ್ಲಿ ದೆಹಲಿಯ ಮೆರವಣಿಗೆ. ರಾಷ್ಟ್ರಗೀತೆ ಬಂದರೆ ಮನೆಯೊಳಗೂ ಎದ್ದು ನಿಲ್ಲಬೇಕು. ಒಂದು ವರ್ಷ ಒಲೆಯ ಮೇಲೆ ಹಾಲಿತ್ತು, ನಾನು ಏಳಲಿಲ್ಲ. ಗೀತೆ ಮುಗಿಯುವವರೆಗೆ ಅವರು ನೆಟ್ಟಗೆ ನಿಂತೇ ಇದ್ದರು. ಮುಗಿದ ಮೇಲೆ ಅಡುಗೆಮನೆಗೆ ಬಂದು ನನ್ನ ಕೈಯನ್ನು ಹಾಲಿನ ಪಾತ್ರೆಗೆ ಒತ್ತಿ ಹಿಡಿದರು. ಶಿವರಾತ್ರಿಗೆ ನೀರೂ ಮುಟ್ಟದ ಉಪವಾಸ. ಮಧ್ಯಾಹ್ನದ ಹೊತ್ತಿಗೆ ಆ ಹಸಿವೆಲ್ಲ ಸಿಟ್ಟಾಗಿ ಕಣ್ಣಿಗೆ ಏರುತ್ತಿತ್ತು. ಅಭಿಷೇಕದ ತಾಮ್ರದ ಚೊಂಬು ಎಸೆದದ್ದು ಹುಬ್ಬಿಗೆ ತಾಗಿತು. ಕಣ್ಣು ಉಳಿಯಿತು. ಆ ಸಂಜೆ ದೇವರಿಗೆ ತುಪ್ಪದ ದೀಪ ಹಚ್ಚಿದೆ, ಕಣ್ಣು ಉಳಿಸಿದ್ದಕ್ಕೆ.

ಗುಡ್ ಫ್ರೈಡೇ ದಿನ ನಮಗೆ ಯಾವ ಪೂಜೆಯೂ ಇಲ್ಲ, ಅದಕ್ಕೇ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಗೋಡೆಗೆ ಹಲಗೆ ಹೊಡೆಯಲು ಹೊರಟರು. ಮೊಳೆ ಹಿಡಿದವಳು ನಾನು. ಮೊಳೆ ಸೊಟ್ಟಗಾಯಿತು. "ನೆಟ್ಟಗೆ ಹಿಡಿಯೂದೂ ಬತ್ತಿಲ್ಲ ಅಲ್ಲ ನಿಂಗೆ?" ಅಂದವರೇ ಮೊಳೆ ಬಿಟ್ಟು ಹೆಬ್ಬೆರಳಿಗೆ ಸುತ್ತಿಗೆ ಹಾಕಿದರು. ಉಗುರು ಕಪ್ಪಾಗಿ ಬಿದ್ದುಹೋಯಿತು. ಮೂಳೆ ಒಡೆಯಲಿಲ್ಲ, ಅಷ್ಟು ಕೃಪೆ. ನಾಗರ ಪಂಚಮಿಗೆ ಪರಿಮಿತ ರಜೆ ಹಾಕುತ್ತಿದ್ದರು. ಆ ದಿನ ಮಣ್ಣು ಅಗೆಯಬಾರದು, ಹಾವಿಗೆ ನೋವಾಗುತ್ತದೆ. ನಾನು ಮರೆತು ಅರಿಶಿನದ ಗಿಡ ಕಿತ್ತೆ ಅಂತ ಅದೇ ಅಂಗಳದಲ್ಲಿ ನನ್ನ ಕೈ ಹಿಂದಕ್ಕೆ ತಿರುವಿ ಮಣ್ಣಿಗೆ ಮುಖ ಒತ್ತಿದರು. ಗಾಂಧಿ ಜಯಂತಿಯ ಸಂಗತಿ ಹೇಳಿದರೆ ನಗುತ್ತೀರಿ, ಬಿಟ್ಟುಬಿಡುತ್ತೇನೆ. ದೀಪಾವಳಿಯಲ್ಲಿ ಪಟಾಕಿಯ ಸದ್ದಿಗೆ ಯಾವ ಸದ್ದೂ ಹೊರಗೆ ಹೋಗುತ್ತಿರಲಿಲ್ಲ.

ಸದ್ದಿನ ವಿಷಯದಲ್ಲಿ ಅವರು ಬಹಳ ಜಾಗ್ರತೆ. ನಮ್ಮ ಬಾಡಿಗೆ ಮನೆಯ ಒಂದು ಬದಿಗೆ ಖಾಲಿ ತೆಂಗಿನ ಹಿತ್ತಲು. ಇನ್ನೊಂದು ಬದಿಗೆ ಗೋಡೆಗೆ ಗೋಡೆ ತಾಗಿಕೊಂಡು ನವಾಯತ ಮುಸಲ್ಮಾನರ ಮನೆ. ಆ ಮನೆಯ ಹಿರಿಯಾಕೆಯನ್ನು ಓಣಿಯವರೆಲ್ಲ ಬೀಬಿ ಅಂತಲೇ ಕರೆಯುವುದು. ಬೀಬಿಗೆ ಕೇಳಬಾರದು ಅಂತ ನನ್ನ ಗಂಡ ಮಿಕ್ಸಿ ಹಾಕುತ್ತಿದ್ದರು. ಖಾಲಿ ಜಾರು. ಒಂದು ಕೈಯಲ್ಲಿ ಅದರ ಮುಚ್ಚಳ, ಇನ್ನೊಂದು ಕೈಯಲ್ಲಿ ನನ್ನ ಜುಟ್ಟು. ಬೀಬಿ ಒಮ್ಮೆ ಗೋಡೆಯಾಚೆಯಿಂದ ಕೇಳಿದ್ದೂ ಉಂಟು, "ಏ ಬಾಯಿ, ರಜೆ ದಿನ ಎಂತ ಅಷ್ಟು ಚಟ್ನಿ ನಿಮ್ಮನೇಲಿ?" ನಾನು ನಕ್ಕೆ. ತುಟಿ ಒಡೆದಿತ್ತು, ಸೆರಗು ಅಡ್ಡ ಹಿಡಿದು ನಕ್ಕೆ.

ರಂಜಾನ್ ಹಬ್ಬಕ್ಕೆ ಮತ್ತು ಬಕ್ರೀದಿಗೆ ಮಾತ್ರ ಮಿಕ್ಸಿ ಬೇಕಾಗುತ್ತಿರಲಿಲ್ಲ. ಆ ಎರಡು ಬೆಳಿಗ್ಗೆ ಬೀಬಿಯ ಮನೆಯವರು ಹೆಂಗಸರು ಮಕ್ಕಳು ಸಮೇತ ಪೇಟೆಯೊಳಗಿನ ತಮ್ಮ ಹಿರೇಮನೆಗೆ ಹೋಗಿಬಿಡುತ್ತಿದ್ದರು. ಗಂಡಸರು ಅಲ್ಲಿಂದಲೇ ಈದ್ಗಾಕ್ಕೆ. ಊಟ ಮುಗಿಸಿ ಬಿಸಿಲು ಇಳಿದ ಮೇಲೆ ವಾಪಸ್ಸು. ಅಷ್ಟೂ ಹೊತ್ತು ಆಚೆ ಮನೆಗೆ ಬೀಗ. ಇದು ನನಗೂ ಗೊತ್ತು, ನನ್ನ ಗಂಡನಿಗೂ ಗೊತ್ತು.

ಇಷ್ಟರ ನಡುವೆಯೂ ನಾನು ಕೈಮುಗಿದು ನೆನೆಯುತ್ತಿದ್ದ ಒಂದು ದೊಡ್ಡ ಕೃಪೆ ಇತ್ತು. ಅವರು ಮಗಳ ಮೇಲೆ ಕೈ ಮಾಡಿರಲಿಲ್ಲ. ಒಬ್ಬಳೇ ಮಗಳು, ಒಂಬತ್ತನೇ ಕ್ಲಾಸು. ಕುಲದೇವರ ಮುಂದೆ ಹೇಳಿಕೊಂಡಿದ್ದೆ: ನನ್ನನ್ನು ಎಷ್ಟು ಬೇಕಾದರೂ ಹೊಡೆಯಲಿ ತಂದೆ, ಅವಳನ್ನು ಮುಟ್ಟಬಾರದು. ಮುಟ್ಟಿದ ದಿನ ನಾನು ಈ ಹೊಸಿಲು ದಾಟುತ್ತೇನೆ. ಹೇಳಿಕೊಳ್ಳುವಾಗ ಧೈರ್ಯ ಇತ್ತು. ದಾಟುವ ಧೈರ್ಯ ಉಂಟೋ ಇಲ್ಲವೋ, ಅದು ದೇವರಿಗೂ ಗೊತ್ತಿತ್ತೋ ಇಲ್ಲವೋ.

ಆ ವರ್ಷ ರಂಜಾನ್ ಮುಗಿಯುವ ಹೊತ್ತಿಗೆ ಅವರು ಕಚೇರಿಯ ತರಬೇತಿಗೆಂದು ಕಾರವಾರಕ್ಕೆ ಹೋಗಿದ್ದರು. ಕ್ಯಾಲೆಂಡರಿನಲ್ಲಿ ಹಬ್ಬಕ್ಕೆ ಒಂದು ದಿನ ಕೆಂಪು ಇತ್ತು. ಆದರೆ ನಮ್ಮ ಕರಾವಳಿಯಲ್ಲಿ ಚಂದ್ರ ಕೆಲವು ವರ್ಷ ಬೇರೆ ಊರುಗಳಿಗಿಂತ ಮೊದಲೇ ಕಾಣುತ್ತಾನೆ. ಕಲ್ಲಿಕೋಟೆ ಕಡೆ ಕಂಡರೆ ಭಟ್ಕಳದವರಿಗೂ ಆಯಿತು. ಬೆಂಗಳೂರಿನವರು ಇನ್ನೂ ಉಪವಾಸ ಇರುವಾಗ ಇಲ್ಲಿ ಹಬ್ಬ. ಆ ವರ್ಷ ಹಾಗೇ ಆಯಿತು. ಸಂಜೆ ಓಣಿಯಲ್ಲಿ ಮಕ್ಕಳು ಕೂಗಿಕೊಂಡು ಓಡಿದವು. ಬೀಬಿಯ ಸೊಸೆಯಂದಿರು ಕೈಗೆ ಮೆಹಂದಿ ಹಾಕಿಕೊಳ್ಳಲು ಕೂತವರು ನನ್ನ ಮಗಳನ್ನೂ ಕರೆದರು. ಹೋಗಲಾ ಅಂತ ಅವಳು ನನ್ನ ಮುಖ ನೋಡಿದಳು. ಮನೆಯಲ್ಲಿ ಬೇಡ ಅನ್ನುವವರು ಇರಲಿಲ್ಲ. ಹೋಗು ಅಂದೆ.

ಮಾರನೇ ದಿನ ಹಬ್ಬ ಆಯಿತು. ಬೀಬಿಯ ಮನೆ ಎಂದಿನಂತೆ ಹಿರೇಮನೆಗೆ ಹೋಯಿತು, ಸಂಜೆ ವಾಪಸ್ಸು ಬಂತು. ದುಬೈಯಿಂದ ಬಂದ ತಮ್ಮನ ಮಕ್ಕಳು, ಮುರ್ಡೇಶ್ವರದ ಬೀಗರು, ಎಲ್ಲ ಸೇರಿ ಮನೆ ತುಂಬ ಜನ. ಅದರ ಮಾರನೇ ದಿನ ಕ್ಯಾಲೆಂಡರಿನ ರಜೆ. ಅವತ್ತು ಬೆಳಿಗ್ಗೆ ನನ್ನ ಗಂಡ ಕಾರವಾರದ ಬಸ್ಸಿನಿಂದ ಇಳಿದು ಬಂದರು.

ಓಣಿ ತಣ್ಣಗಿತ್ತು. ಹಬ್ಬದ ಆಯಾಸಕ್ಕೆ ಆಚೆ ಮನೆಯಲ್ಲಿ ಯಾರೂ ಎದ್ದಿರಲಿಲ್ಲ. ಅಂಗಡಿ ಬಾಗಿಲೂ ಹಾಕಿತ್ತು. ಎಲ್ಲ ಹಿರೇಮನೆಗೆ ಹೋಗಿದ್ದಾರೆ ಅಂತ ಅವರು ತಿಳಿದರು. ಬೀಬಿಯ ಮೆಟ್ಟಿಲ ಕೆಳಗೆ ಚಪ್ಪಲಿಗಳ ರಾಶಿ ಬಿದ್ದಿತ್ತು, ಅತ್ತ ನೋಡಲಿಲ್ಲ. ನೋಡುವವರೂ ಅಲ್ಲ.

ಸ್ನಾನ ಮಾಡಿದರು, ದೇವರಿಗೆ ಹೂ ಇಟ್ಟರು, ತಿಂಡಿಗೆ ಕೂತರು. ಮಗಳು ದೋಸೆ ಬಡಿಸಲು ಬಗ್ಗಿದಳು. ಅವಳ ಅಂಗೈ ಕಂಡಿತು.

"ಇದು ಎಂತದು?"

"ಮೆಹಂದಿ, ಅಪ್ಪ."

"ಯಾರನ್ನ ಕೇಳಿ ಹೋದೆ?"

"ಅಮ್ಮನ್ನ."

ತಟ್ಟೆಯನ್ನು ಮೆಲ್ಲಗೆ ಬದಿಗೆ ಸರಿಸಿದರು. ಅಷ್ಟು ಮೆಲ್ಲಗೆ ಸರಿಸಿದರೆ ಮುಂದೆ ಏನು ಅಂತ ನನಗೆ ಗೊತ್ತು. ಬರುವುದು ನನ್ನ ಕಡೆಗೇ ಅಂದುಕೊಂಡು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತೆ. ಅವರು ನನ್ನನ್ನು ದಾಟಿ ಹೋಗಿ ಮಗಳ ರಟ್ಟೆ ಹಿಡಿದರು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನವರೆಗೆ ದರದರ ಎಳೆದುಕೊಂಡು ಹೋದರು. ಪಾತ್ರೆ ತಿಕ್ಕುವ ತೆಂಗಿನ ನಾರಿಗೆ ಬೂದಿ ಅದ್ದಿ ಅವಳ ಅಂಗೈಯನ್ನು ಕಲ್ಲಿನ ಮೇಲೆ ಮಲಗಿಸಿ ತಿಕ್ಕಿದರು, ತಳ ಹಿಡಿದ ಕಡಾಯಿ ತಿಕ್ಕಿದ ಹಾಗೆ. ಮೆಹಂದಿ ಹೋಗುತ್ತದೆಯೇ? ಚರ್ಮ ಹೋಯಿತು. ಬೂದಿ ಕೆಂಪಾಯಿತು. ಅವಳು ಮೊದಲು ಕೂಗಲಿಲ್ಲ. ನನ್ನನ್ನು ನೋಡಿ ಕಲಿತಿದ್ದಳಲ್ಲ, ಹಲ್ಲು ಕಚ್ಚಿಕೊಂಡೇ ಇದ್ದಳು. ಇನ್ನೊಂದು ಕೈ ಹಿಡಿದಾಗ ಮಾತ್ರ "ಅಮ್ಮಾ" ಅಂದಳು.

ನಾನು ಹೋಗಿ ಅವರ ಕೈ ಕಚ್ಚಿದೆ. ಹೌದು, ಕಚ್ಚಿದೆ. ಮಗಳನ್ನು ಬಿಟ್ಟರು. ಅವಳನ್ನು ಎಳೆದುಕೊಂಡು ಅಡುಗೆಮನೆಯೊಳಗೆ ಓಡಿದೆ, ಅವರು ಹಿಂದೆಯೇ ಬಂದರು. ಊಟಕ್ಕೆ ಕೂರುವ ಹಲಸಿನ ಮಣೆ ಗೋಡೆಗೆ ಒರಗಿಸಿ ಇಟ್ಟಿತ್ತು, ಅದನ್ನು ಎತ್ತಿ ಬೀಸಿದರು. ತಲೆಗೆ ಬರುವುದನ್ನು ತೋಳು ಅಡ್ಡ ಕೊಟ್ಟು ತಡೆದೆ. ಒಣ ಕಟ್ಟಿಗೆ ಮುರಿದಂತೆ ಒಂದು ಸದ್ದು ಬಂತು, ನೋವು ಆಮೇಲೆ ಬಂತು. ಎರಡನೇ ಪೆಟ್ಟು ಹೆಗಲಿಗೆ. ಮಿಕ್ಸಿ ಹಾಕಿರಲಿಲ್ಲ. ಆಚೆ ಮನೆ ಖಾಲಿ ಅಂದುಕೊಂಡವರಿಗೆ ಮಿಕ್ಸಿ ಎಂತಕ್ಕೆ? ನಾನು ಮದುವೆಯಾದ ಮೇಲೆ ಮೊದಲ ಸಲ ಗಂಟಲು ಹರಿಯುವಷ್ಟು ಕೂಗಿದೆ.

ಗೋಡೆಯಾಚೆ ಬಾಗಿಲುಗಳು ಒಂದರ ಹಿಂದೊಂದು ತೆರೆದುಕೊಂಡವು. ನಮ್ಮ ಮುಂಬಾಗಿಲನ್ನು ನನ್ನ ಗಂಡನೇ ಬೆಳಿಗ್ಗೆ ತೆರೆದಿಟ್ಟಿದ್ದರು. ಬರಿಗಾಲಲ್ಲಿ ಬೀಬಿ ಬಂದರು, ಹಿಂದೆ ಇಬ್ಬರು ಸೊಸೆಯಂದಿರು. ಅವರ ಹಿಂದೆ ಲುಂಗಿಯಲ್ಲೇ ಎದ್ದು ಬಂದ ಗಂಡಸರು ಅಂಗಳದ ತುಂಬ.

ನನ್ನ ಗಂಡ ಕೈಯಲ್ಲಿ ಮಣೆ ಹಿಡಿದು ನಿಂತೇ ಇದ್ದರು. ಅವರ ಬಾಯಿಂದ ಮೊದಲು ಬಂದ ಮಾತು ಇದು: "ನೀವು... ಹಿರೇಮನೆಗೆ ಹೋಗ್ಲಿಲ್ವಾ?"

"ಹಬ್ಬ ನಿನ್ನೆಯೇ ಆತು, ಸಾರ್," ಅಂದರು ಬೀಬಿ. "ಚಂದ್ರ ನಿಮ್ಮ ಆಫೀಸಿಗೆ ಕೇಳಿ ಬರೂದಿಲ್ಲ."

ಅಂಗಳದಲ್ಲಿದ್ದ ಒಬ್ಬ ಹುಡುಗ ಮೆಟ್ಟಿಲ ಮೇಲೆ ಕಾಲಿಟ್ಟ. ಬೀಬಿ ತಿರುಗಿ ನೋಡದೇ ಕೈ ಅಡ್ಡ ಹಿಡಿದರು. "ಗಂಡಸ್ರು ಯಾರೂ ಒಳಗೆ ಬರ್ಬೇಡಿ. ಒಬ್ಬರೂ."

ಅದು ಎಂತಕ್ಕೆ ಅಂತ ಅಲ್ಲಿದ್ದವರಿಗೆಲ್ಲ ತಿಳಿಯಿತು. ನನ್ನ ಗಂಡನಿಗೂ ತಿಳಿಯಿತು. ಉಸಿರು ಬಂದವರಂತೆ ಹೇಳಿದರು: "ಇದು ನಮ್ಮ ಮನೆ ವಿಷಯ. ನೀವು ಒಳಗೆ ನುಗ್ಗಿದ್ರಿ ಅಂತ ನಾನು ಪೇಟೆಯಲ್ಲಿ ಒಂದು ಮಾತು ಹೇಳಿದ್ರೆ ಎಂತ ಆಗ್ತದೆ, ಗೊತ್ತುಂಟಲ್ಲ?"

ನಮ್ಮ ಊರಿನಲ್ಲಿ ಕೋಮು ಗಲಾಟೆ ಹೊತ್ತಿಕೊಳ್ಳಲು ಒಂದು ಮಾತು ಸಾಕು. ಬೀಬಿಯ ಮುಖ ಬಿಳಿಚಿಕೊಂಡಿತು. ಅವರು ಹೊಸಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದದ್ದನ್ನು ನಾನು ನೋಡಿದೆ. ಇನ್ನೇನು, ಮುಗಿಯಿತು ಅಂದುಕೊಂಡೆ. ಅವರು ಹೋಗುತ್ತಾರೆ, ಬಾಗಿಲು ಮುಚ್ಚುತ್ತದೆ, ಮಗಳ ಇನ್ನೊಂದು ಕೈ ಬಾಕಿ ಉಂಟು.

ಬೀಬಿ ಹೋಗಲಿಲ್ಲ. ಮೆಟ್ಟಿಲ ಕೆಳಗೆ ನಿಂತು ನನ್ನನ್ನೇ ನೋಡಿ ಹೇಳಿದರು: "ನಾನು ಒಳಗೆ ಬರೂದಿಲ್ಲ, ಬಾಯಿ. ನಿನ್ನ ಎಳೆಯೂದೂ ಇಲ್ಲ. ನೀನೇ ಹೊರಗೆ ಬಾ. ಬಂದ್ರೆ ನಾವು ಇದ್ದೇವೆ."

ಅಡುಗೆಮನೆಯಿಂದ ಮುಂಬಾಗಿಲಿಗೆ ಎಷ್ಟು ದೂರ? ಪಡಸಾಲೆ ಅಷ್ಟೇ. ನನ್ನ ಒಂದು ತೋಳು ನೇತಾಡುತ್ತಿತ್ತು, ಇನ್ನೊಂದರಲ್ಲಿ ಮಗಳನ್ನು ಹಿಡಿದಿದ್ದೆ. ನನ್ನ ಗಂಡ ದಾರಿಗೆ ಅಡ್ಡ ನಿಂತಿದ್ದರು. "ಹೋದ್ರೆ ವಾಪಸ್ಸು ಬರ್ಬೇಡ," ಅಂದರು. ಆ ಮಾತನ್ನು ಹೇಳದೇ ಇದ್ದಿದ್ದರೆ ನಾನು ನಿಂತುಬಿಡುತ್ತಿದ್ದೆನೋ ಏನೋ. ಪಕ್ಕದಲ್ಲಿ ಹಾಯುವಾಗ ಮಣೆ ಮತ್ತೆ ಮೇಲೆದ್ದಿತು. ಅಂಗಳದ ತುಂಬ ಕಣ್ಣುಗಳು. ಮಣೆ ಇಳಿಯಿತು, ನೆಲಕ್ಕೆ. ನಾವು ಹೊಸಿಲು ದಾಟಿದೆವು.

ತಾಲೂಕು ಆಸ್ಪತ್ರೆಗೆ ರಿಕ್ಷಾದಲ್ಲಿ ಬೀಬಿಯೂ ಬಂದರು. ರಜೆಯಾದ್ದರಿಂದ ಡ್ಯೂಟಿ ಡಾಕ್ಟರು ಒಬ್ಬರೇ. ನನ್ನ ತೋಳು ನೋಡಿ, "ಬಾವಿಕಟ್ಟೆಯಲ್ಲಿ ಜಾರಿದ್ದಾ, ಅಮ್ಮ?" ಅಂತ ಪಾಪ, ಅವರಾಗಿಯೇ ಕೇಳಿದರು. ಹೂಂ ಅನ್ನಲು ಬಾಯಿ ತೆರೆದೆ, ಅಭ್ಯಾಸ ನೋಡಿ. ಮಗಳು ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಾಚಿದಳು. ಒಂದರಲ್ಲಿ ಬಳ್ಳಿಯ ಚಿತ್ರ ಅರ್ಧ ಉಳಿದಿತ್ತು, ಇನ್ನೊಂದರಲ್ಲಿ ಏನೂ ಇರಲಿಲ್ಲ, ಹಸಿ ಮಾಂಸ.

"ಅಪ್ಪ," ಅಂದಳು.

ಡಾಕ್ಟರು ಪೆನ್ನು ಕೆಳಗಿಟ್ಟು ಪೊಲೀಸರಿಗೆ ಫೋನು ಮಾಡಿದರು. ಕೇಸು ಆಯಿತು, ಈಗಲೂ ನಡೆಯುತ್ತಿದೆ. ಅವತ್ತು ಸಂಜೆಯೇ ಹೊನ್ನಾವರದಿಂದ ಅಣ್ಣ ಬಂದು ನಮ್ಮಿಬ್ಬರನ್ನೂ ಕರ್ಕಿಯ ತವರುಮನೆಗೆ ಕರೆದುಕೊಂಡು ಹೋದ. ಪೇಟೆಯಲ್ಲಿ ನನ್ನ ಗಂಡ ಆ ಒಂದು ಮಾತು ಹೇಳಲಿಲ್ಲ. ಹೇಳಲು ಹೊರಟರೆ ಮಗಳ ಕೈಯ ಸಂಗತಿಯೂ ಹೊರಬೀಳುತ್ತಿತ್ತು. ಊರು ಉಳಿಯಿತು. ಇದನ್ನೂ ನಾನು ಕೃಪೆಯ ಲೆಕ್ಕಕ್ಕೇ ಸೇರಿಸುತ್ತೇನೆ.

ಚೌತಿಗೆ ಸ್ವಲ್ಪ ಮೊದಲು ಅತ್ತೆ ಕುಮಟೆಯಿಂದ ಕರ್ಕಿಗೆ ಬಂದರು, ಒಬ್ಬರೇ, ಬಸ್ಸಿನಲ್ಲಿ. ಚಾ ಕುಡಿದರು. ಮೊಮ್ಮಗಳ ಅಂಗೈ ಹಿಡಿದು ನೋಡಿದರು. ಚರ್ಮ ಬಂದಿತ್ತು, ನುಣ್ಣಗೆ, ಗೆರೆಗಳಿಲ್ಲದೆ.

"ಸೊಸೆ ಇಲ್ಲದೇ ಗಣಪತಿ ಕೂರಿಸೂದು ಹೆಂಗೆ ಮಾರಾಯ್ತಿ? ಜನ ಎಂತ ಹೇಳ್ತಾರೆ? ಗಂಡಸ್ರು ಅಂದ್ರೆ ಹಂಗೇಯಾ. ರಜೆ ದಿನ ಮನೇಲಿ ಕೂತ್ರೆ ಕೈ ಸುಮ್ನೆ ಇರೂದಿಲ್ಲ."

"ಗಣಪತಿಗೆ ಇಲ್ಲಿಂದಲೇ ಕೈ ಮುಗಿತೆ, ಅತ್ತೆ. ಇವಳನ್ನ ಆ ಮನೆಗೆ ನಾನು ಕರ್ಕೊಂಡು ಬರೂದಿಲ್ಲ."

"ಹಬ್ಬ ಮುಗ್ಸಿ ಬಂದುಬಿಡು. ಒಂದು ದಿನ."

"ಒಂದು ದಿನವೂ ಇಲ್ಲ."

ಅತ್ತೆ ಬೈಯುತ್ತಾರೆ ಅಂತ ಕಾದೆ. ಅವರು ಬಳೆಗಳನ್ನು ಮೇಲಕ್ಕೆ ಸರಿಸಿ ಎಡಗೈ ಮುಂದೆ ಚಾಚಿದರು. ಮಣಿಕಟ್ಟಿನ ಹತ್ತಿರ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. ಇಷ್ಟು ವರ್ಷ ಆ ಕೈಯಿಂದ ಬಡಿಸಿದ್ದನ್ನು ಉಂಡಿದ್ದೇನೆ, ಬಳೆಗಳ ಕೆಳಗೆ ಏನಿದೆ ಅಂತ ನೋಡಿರಲಿಲ್ಲ.

"ಇದು ಚೌತಿ ದಿನದ್ದೇ," ಅಂದರು. "ಕಡುಬು ಒಡೀತು ಅಂತ ನಿನ್ನ ಮಾವ ಮುರಿದದ್ದು. ಇವನು ಆಗ ಸಣ್ಣವನು, ಬಾಗಿಲ ಹತ್ತಿರ ನಿಂತು ನೋಡ್ತಿದ್ದ."

ಬಳೆ ಇಳಿಸಿಕೊಂಡು ಎದ್ದರು. ಕುಂಕುಮ ಕೊಟ್ಟೆ, ಹಚ್ಚಿಕೊಂಡರು. ಅಂಗಳ ಇಳಿಯುವಾಗ ಮಗನಿಗೆ ಫೋನು ಹಚ್ಚಿ, ನನಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದರು: "ಅವ್ರು ಬರೂದಿಲ್ಲ. ಈ ಸಲ ಕಡುಬು ನೀನೇ ಬೇಯ್ಸು."

ಮಗಳು ಅಜ್ಜಿಯನ್ನು ಬಸ್ಸಿಗೆ ಹತ್ತಿಸಿ ಬರಲು ಹೋದಳು.